ನೆಲಮಾಳಿಗೆಯಲ್ಲೊಂದು ಮೃದಂಗದ ಕೋಣೆ: ಸದ್ದು ಹೊರಗೆ ಹೋಗದಂತೆ ಕಟ್ಟುವುದು ಹೇಗೆ?

ಮೃದಂಗ ಕಲಿಯುವ ಮಕ್ಕಳಿರುವ ಮನೆಗೆ ಬೆಳಗಿನ ಐದು ಗಂಟೆಯೇ ದೊಡ್ಡ ಸಮಸ್ಯೆ. ಬೆಳಗಿನ ಜಾವ ಎದ್ದು ಕೂತರೆ ಕೈ ಚೆನ್ನಾಗಿ ಕೂರುತ್ತದೆ ಎಂದು ಮೇಷ್ಟ್ರು ಹೇಳಿ ಕಳಿಸಿರುತ್ತಾರೆ. ಆದರೆ ಬೆಂಗಳೂರಿನ 30×40 ಸೈಟುಗಳಲ್ಲಿ ಪಕ್ಕದ ಮನೆಯವರು ಮಲಗುವ ಕೋಣೆಯ ಕಿಟಕಿ ನಮ್ಮ ಗೋಡೆಯಿಂದ ಐದಾರು ಅಡಿ ದೂರದಲ್ಲಿರುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ರಾತ್ರಿಯೇ. ಜನ ವಾಸಿಸುವ ಬಡಾವಣೆಗಳಿಗೆ ಹಗಲಿನ ಮಿತಿ 55 ಡೆಸಿಬಲ್, ರಾತ್ರಿಯ ಮಿತಿ 45. ಅಂದರೆ ಸಾಧನೆಗೆ ಒಳ್ಳೆಯದೆನ್ನುವ ಹೊತ್ತು ಪೂರ್ತಿ ರಾತ್ರಿಯ ಲೆಕ್ಕಕ್ಕೇ ಬರುತ್ತದೆ.

ನಮ್ಮ ಮನೆ ಇಳಿಜಾರಿನ ಸೈಟಿನಲ್ಲಿದೆ. ಹಿಂದುಗಡೆ ಅರ್ಧ ನೆಲದೊಳಗೆ ಹೂತಂತಿರುವ ಬೇಸ್‌ಮೆಂಟ್ ಇದೆ. ಮಗಳ ಅಭ್ಯಾಸಕ್ಕೆಂದು ಅಲ್ಲಿ 10 ಅಡಿ ಅಗಲ, 12 ಅಡಿ ಉದ್ದದ ಕೋಣೆ ಮಾಡಿಕೊಂಡೆವು. ಮೊದಲ ಸಲ ಎಲ್ಲರೂ ಮಾಡುವುದನ್ನೇ ಮಾಡಿದ್ದೆವು: ಗೋಡೆ ತುಂಬ ಕಪ್ಪು ಫೋಮ್. ಒಳಗೆ ಮೃದಂಗದ ನಾದ ಸತ್ತೇಹೋಯಿತು. ಹೊರಗೆ ಕಾಂಪೌಂಡಿನಲ್ಲಿ ನಿಂತರೆ ಸದ್ದು ಮೊದಲಿನಷ್ಟೇ ಕೇಳುತ್ತಿತ್ತು.

ಇದೊಂದನ್ನು ಅರ್ಥ ಮಾಡಿಕೊಂಡರೆ ದುಡ್ಡು ಉಳಿಯುತ್ತದೆ. ಕೋಣೆಯೊಳಗಿನ ಪ್ರತಿಧ್ವನಿ ಕಡಿಮೆ ಮಾಡುವುದು ಒಂದು ಕೆಲಸ, ಸದ್ದನ್ನು ಹೊರಗೆ ಬಿಡದಿರುವುದು ಇನ್ನೊಂದು. ಫೋಮ್, ಮೊಟ್ಟೆ ಟ್ರೇ, ಕರ್ಟನ್ ಎಲ್ಲ ಮೊದಲನೆಯದಕ್ಕೆ. ಎರಡನೆಯದಕ್ಕೆ ಬೇಕಾದ್ದು ಭಾರ, ಮತ್ತು ಗಾಳಿಯೂ ನುಸುಳದಂಥ ಬಿಗಿ. ನಮ್ಮ ಕಡೆಯ ಮನೆಗಳಲ್ಲಿ ಭಾರ ಆಗಲೇ ಇದೆ. ಎರಡೂ ಬದಿ ಗಿಲಾವು ಮಾಡಿದ 9 ಇಂಚಿನ ಇಟ್ಟಿಗೆ ಗೋಡೆ ಸುಮಾರು 50 ಡೆಸಿಬಲ್ ಸದ್ದು ತಡೆಯುತ್ತದೆ. ಇಂಟರ್‌ನೆಟ್ಟಿನಲ್ಲಿ ಸಿಗುವ ಸಲಹೆಗಳು ಹೆಚ್ಚಾಗಿ ಅಮೆರಿಕದ ಮರದ ಚೌಕಟ್ಟಿನ ಮನೆಗಳಿಗೆ ಬರೆದಂಥವು. ನಮಗೆ ಬೇಕಾದ್ದು ಕಿಂಡಿ ಮುಚ್ಚುವ ಕೆಲಸ.

ಮೊದಲು ನೀರು, ಆಮೇಲೆ ಸದ್ದು

ಬೇಸ್‌ಮೆಂಟಿನಲ್ಲಿ ತೇವ ಇದ್ದರೆ ಬೇರೆ ಯಾವ ಕೆಲಸಕ್ಕೂ ಕೈ ಹಾಕಬೇಡಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಒಂದು, ಗೋಡೆಗೆ ಒಂದು, ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ. ಒಂದು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ ಹನಿಗಳು ಕೂತಿದ್ದರೆ ಅಥವಾ ಕೆಳಗಿನ ಸಿಮೆಂಟ್ ಕಪ್ಪಾಗಿದ್ದರೆ ಮಣ್ಣಿನಿಂದ ನೀರು ಜಿನುಗುತ್ತಿದೆ ಎಂದರ್ಥ. ಈ ಪರೀಕ್ಷೆಯನ್ನು ಮಳೆಗಾಲದಲ್ಲೇ ಮಾಡಿ. ಮಾರ್ಚಿನಲ್ಲಿ ಒಣಗಿದ್ದ ಗೋಡೆ ಆಗಸ್ಟಿನಲ್ಲಿ ಒದ್ದೆಯಾಗಿರುತ್ತದೆ. ಒದ್ದೆ ಗೋಡೆಯ ಮುಂದೆ ಜಿಪ್ಸಮ್ ಬೋರ್ಡ್ ನಿಲ್ಲಿಸಿದರೆ ಹಿಂದುಗಡೆ ಬೂಷ್ಟು ಹಿಡಿಯುತ್ತದೆ, ಅದು ಕಣ್ಣಿಗೂ ಬೀಳುವುದಿಲ್ಲ. ವಾಟರ್‌ಪ್ರೂಫಿಂಗ್ ಮುಗಿಸಿ, ಒಂದು ಮಳೆಗಾಲ ಕಳೆದ ಮೇಲೆ ಮುಂದಿನ ಕೆಲಸ ಶುರು ಮಾಡುವುದು ಎಲ್ಲಕ್ಕಿಂತ ಒಳ್ಳೆಯದು.

ವಾದ್ಯಕ್ಕೂ ತೇವ ಆಗದು. ಮೃದಂಗದ ಮುಚ್ಚಿಗೆ ಚರ್ಮದ್ದು. ತೇವ ಹೀರಿದರೆ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಕೋಣೆಯಲ್ಲಿ ತೇವ ತೋರಿಸುವ ಒಂದು ಸಣ್ಣ ಮೀಟರ್ ಇಡಿ. ಶೇಕಡಾ 50ರ ಆಸುಪಾಸಿನಲ್ಲಿದ್ದರೆ ಚೆನ್ನ. 65 ದಾಟುತ್ತಿದ್ದರೆ ಡಿಹ್ಯೂಮಿಡಿಫೈಯರ್ ಬೇಕಾಗುತ್ತದೆ.

ಇನ್ನೊಂದು ಮಾತು. ನಿಮ್ಮ ಮಂಜೂರಾದ ಪ್ಲಾನಿನಲ್ಲಿ ಬೇಸ್‌ಮೆಂಟ್ ಯಾವ ಬಳಕೆಗೆ ಎಂದಿದೆ, ನೋಡಿಕೊಳ್ಳಿ.

ಸದ್ದು ಎಲ್ಲಿಂದ ಹೋಗುತ್ತಿದೆ?

ಕೆಲಸದವರನ್ನು ಕರೆಸುವ ಮೊದಲು ಒಬ್ಬರು ಒಳಗೆ ನುಡಿಸಿ, ಇನ್ನೊಬ್ಬರು ಹೊರಗೆ ಸುತ್ತು ಹಾಕಿ. ಫೋನಿನ ಡೆಸಿಬಲ್ ಆ್ಯಪ್ ಅಷ್ಟು ನಿಖರವಲ್ಲ. ಆದರೆ ಅದೇ ಫೋನು, ಅದೇ ಜಾಗ, ಅದೇ ಪಾಠ ಇಟ್ಟುಕೊಂಡರೆ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ಹೋಲಿಸಬಹುದು. ಬರೆದಿಟ್ಟುಕೊಳ್ಳಿ.

ಆಮೇಲೆ ಊದುಬತ್ತಿ. ಮೇಲಿನ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿ, ಬೇಸ್‌ಮೆಂಟಿನ ಬಾಗಿಲು ಮುಚ್ಚಿ, ಒಂದು ಊದುಬತ್ತಿ ಹಚ್ಚಿ ಬಾಗಿಲಿನ ಸುತ್ತ, ವೆಂಟಿಲೇಟರ್ ಸುತ್ತ, ಸ್ವಿಚ್ ಬೋರ್ಡಿನ ಮುಂದೆ ನಿಧಾನಕ್ಕೆ ಸರಿಸಿ. ನೆಟ್ಟಗೆ ಏರುತ್ತಿದ್ದ ಹೊಗೆ ಎಲ್ಲಿ ಬಾಗುತ್ತದೋ ಅಲ್ಲಿ ಸಂದಿ ಇದೆ. ಸೀಮೆಸುಣ್ಣದಲ್ಲಿ ಗುರುತು ಮಾಡಿ. ನಮ್ಮಲ್ಲಿ ಹನ್ನೊಂದು ಗುರುತುಗಳಾದವು. ನಾವು ಎಣಿಸದೇ ಇದ್ದ ಜಾಗವೆಂದರೆ ಎಸಿ ಪೈಪಿಗೆಂದು ಕೊರೆದ ತೂತು. ಹೊರಗಿನಿಂದ ಚಂದವಾಗಿ ಮುಚ್ಚಳ ಇತ್ತು, ಒಳಗೆ ಪೈಪಿನ ಸುತ್ತ ಬೆರಳು ತೂರುವಷ್ಟು ಜಾಗ ಖಾಲಿ.

ದೊಡ್ಡ ತೂತುಗಳಿಗೆ ಸಿಮೆಂಟ್ ಗಾರೆ, ಸಣ್ಣ ಸಂದಿಗಳಿಗೆ ಒಣಗಿದ ಮೇಲೂ ಮೆತ್ತಗೇ ಇರುವ ಅಕೌಸ್ಟಿಕ್ ಸೀಲೆಂಟ್. ಪುಟ್ಟಿ ಬೇಡ, ಅದು ಒಣಗಿ ಬಿರುಕು ಬಿಡುತ್ತದೆ. ವೆಂಟಿಲೇಟರನ್ನು ಘನ ಬ್ಲಾಕ್ ಇಟ್ಟು ಕಟ್ಟಿ ಎರಡೂ ಕಡೆ ಗಿಲಾವು ಮಾಡಿಸಿ. ಗಾಳಿಗೆ ಬೇರೆ ದಾರಿ ಮಾಡೋಣ.

ಬಾಗಿಲಿಗೆ ಜಿಪುಣತನ ಬೇಡ

ನನ್ನನ್ನು ಕೇಳಿದರೆ ಅರ್ಧ ಕೆಲಸ ಬಾಗಿಲಿನದೇ. ಸಣ್ಣ ಲೆಕ್ಕ ನೋಡಿ. 7 ಅಡಿ ಎತ್ತರ, 3 ಅಡಿ ಅಗಲದ ಬಾಗಿಲು ಎಂದರೆ 3,024 ಚದರ ಇಂಚು. ಅದರ ಕೆಳಗೆ ಕಾಲು ಇಂಚು ಸಂದಿ ಬಿಟ್ಟರೆ 9 ಚದರ ಇಂಚು ತೆರೆದಂತೆ. ನೂರಕ್ಕೆ ಒಂದು ಪಾಲೂ ಅಲ್ಲ ಅಲ್ವಾ? ಅಷ್ಟು ಸಾಕು. ಬಾಗಿಲಿನ ಹಲಗೆ ಎಷ್ಟೇ ದಪ್ಪವಿದ್ದರೂ ಒಟ್ಟು ತಡೆ ಸುಮಾರು 25 ಡೆಸಿಬಲ್‌ಗೆ ನಿಂತುಬಿಡುತ್ತದೆ. ಪಕ್ಕದಲ್ಲಿ 50 ತಡೆಯುವ ಗೋಡೆ ಇದ್ದೂ ಪ್ರಯೋಜನವಿಲ್ಲ.

ಒಳಗೆ ಟೊಳ್ಳಿರುವ ಬಾಗಿಲು ಬೇಡ. ಒಳಗೂ ಗಟ್ಟಿ ಮರವಿರುವ ಫ್ಲಶ್ ಡೋರ್ ತನ್ನಿ, ಕಡಿಮೆ ಎಂದರೂ 35 ಮಿಲಿಮೀಟರ್ ದಪ್ಪ. ಚೌಕಟ್ಟಿನ ಮೂರು ಕಡೆ ರಬ್ಬರ್ ಗ್ಯಾಸ್ಕೆಟ್. ಕೆಳಗೆ ಡ್ರಾಪ್ ಸೀಲ್, ಅಂದರೆ ಬಾಗಿಲು ಮುಚ್ಚಿದಾಗ ತಾನೇ ಇಳಿದು ನೆಲಕ್ಕೆ ಒತ್ತುವ ರಬ್ಬರ್ ಪಟ್ಟಿ. ಚೌಕಟ್ಟು ಮತ್ತು ಗೋಡೆಯ ನಡುವಿನ ಸಂದಿಯನ್ನು ಬಡಗಿಗಳು ಸಾಮಾನ್ಯವಾಗಿ ಪಟ್ಟಿ ಹೊಡೆದು ಮುಚ್ಚಿಬಿಡುತ್ತಾರೆ. ಪಟ್ಟಿ ಹೊಡೆಯುವ ಮೊದಲು ನೀವೇ ನಿಂತು ಗಾರೆ ತುಂಬಿಸಿ. ಬಾಗಿಲು ಕೂರಿಸಿದ ಮೇಲೆ ಒಂದು ಕಾಗದದ ಪಟ್ಟಿಯನ್ನು ಅಲ್ಲಲ್ಲಿ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ರಬ್ಬರ್ ಒತ್ತುತ್ತಿಲ್ಲ.

ಜಾಗ ಇದ್ದರೆ ಎರಡು ಬಾಗಿಲು, ನಡುವೆ ಎರಡು ಮೂರು ಅಡಿ ಅಂತರ. ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ.

ಗೋಡೆಯೊಳಗೆ ಗೋಡೆ

ಮಣ್ಣಿಗೆ ಆತುಕೊಂಡ ಗೋಡೆಗಳಿಗೆ ಏನೂ ಮಾಡಬೇಕಿಲ್ಲ. ಅವುಗಳ ಹಿಂದೆ ಭೂಮಿಯೇ ಇದೆ. ಪಕ್ಕದ ಮನೆಯ ಕಡೆಗಿರುವ ಗೋಡೆ ಮತ್ತು ಮೇಲಿನ ಆರ್‌ಸಿಸಿ ಇವೆರಡನ್ನು ನೋಡಿ. ಮೃದಂಗದ ಬಲಗಡೆಯ ಚೂಪು ಸದ್ದನ್ನು ಇಟ್ಟಿಗೆ ತಡೆಯುತ್ತದೆ. ಎಡಗಡೆ ರವೆ ಹಚ್ಚಿದ ಮುಖ, ಅಂದರೆ ತೊಪ್ಪಿ; ಅದರ ಗುಂಕಿ ಎಂಬ ತಗ್ಗಿನ ನಾದ ಗೋಡೆಯನ್ನೂ ಅಲುಗಿಸಿ ಆಚೆ ಹೋಗುತ್ತದೆ. ಅದಕ್ಕೆ ಎರಡನೇ ಗೋಡೆ ಬೇಕು, ಆದರೆ ಅದು ಮೊದಲನೆಯದನ್ನು ಮುಟ್ಟಬಾರದು.

ಹಳೇ ಗೋಡೆಯಿಂದ ಒಂದು ಇಂಚು ಬಿಟ್ಟು ಕಬ್ಬಿಣದ ಚಾನೆಲ್ ಚೌಕಟ್ಟು ನಿಲ್ಲಿಸಿ. ಚಾನೆಲ್‌ಗಳ ಕೆಳಗೆ, ಪಕ್ಕದಲ್ಲಿ ರಬ್ಬರ್ ಪಟ್ಟಿ ಇರಲಿ. ಚೌಕಟ್ಟಿನೊಳಗೆ 50 ಮಿಲಿಮೀಟರ್ ರಾಕ್‌ವೂಲ್ ಹಲಗೆ ತುಂಬಿ. ಕೈಗವಸು, ಮಾಸ್ಕ್ ಹಾಕಿಕೊಳ್ಳಿ, ಮೈ ಕಡಿಯುತ್ತದೆ. ಮೇಲೆ 12.5 ಮಿಲಿಮೀಟರ್ ಜಿಪ್ಸಮ್ ಬೋರ್ಡ್ ಎರಡು ಪದರ. ಮೊದಲ ಪದರದ ಜೋಡಣೆಯ ಮೇಲೆ ಎರಡನೆಯದರ ಜೋಡಣೆ ಬರಬಾರದು. ಬೋರ್ಡಿನ ಅಂಚಿಗೆಲ್ಲ ಸೀಲೆಂಟ್. ಆರ್‌ಸಿಸಿಗೆ ಇದೇ ಕ್ರಮ, ರಬ್ಬರ್ ಅಥವಾ ಸ್ಪ್ರಿಂಗ್ ಇರುವ ಹ್ಯಾಂಗರ್‌ನಿಂದ ಇಳಿಬಿಟ್ಟು.

ಇಲ್ಲಿ ಪಕ್ಕದಲ್ಲೇ ನಿಂತು ನೋಡಿಕೊಳ್ಳಬೇಕು. ಚೌಕಟ್ಟು ಅಲುಗುತ್ತದೆ ಎಂದು ಕೆಲಸದವರು ಅಭ್ಯಾಸಬಲದಿಂದ ಹಿಂದಿನ ಗೋಡೆಗೆ ಒಂದು ಕ್ಲಾಂಪ್ ಹೊಡೆಯುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡುವುದು. ಆದರೆ ಆ ಕ್ಲಾಂಪ್ ಸದ್ದಿಗೆ ಸೇತುವೆಯಾಗುತ್ತದೆ.

ಸ್ವಿಚ್ ಬೋರ್ಡುಗಳನ್ನು ಹೊಸ ಗೋಡೆಯಲ್ಲಿ ಕೊರೆಯದೆ ಮೇಲೆ ಕೂರಿಸಿ. ಫೋಮ್ ಮಾತ್ರ ಖಂಡಿತ ಬೇಡ, ಅದು ಬೇಗ ಬೆಂಕಿ ಹಿಡಿಯುತ್ತದೆ. ಒಂದೇ ಬಾಗಿಲಿನ ನೆಲಮಾಳಿಗೆಯಲ್ಲಿ ಅದು ಪ್ರಾಣಕ್ಕೆ ಸಂಚಕಾರ. ರಾಕ್‌ವೂಲ್ ಉರಿಯುವುದಿಲ್ಲ.

ಉಸಿರಾಡುವುದಕ್ಕೆ ದಾರಿ

ಇಷ್ಟು ಬಿಗಿ ಮಾಡಿದ ಕೋಣೆಯಲ್ಲಿ ಇಬ್ಬರು ಒಂದು ಗಂಟೆ ಕೂತರೆ ಗಾಳಿ ಭಾರವಾಗುತ್ತದೆ, ಆಕಳಿಕೆ ಬರುತ್ತದೆ. ಎಸಿ ಹಾಕಿದರಾಯಿತು ಎನ್ನುತ್ತಾರೆ. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಣ್ಣಗೆ ಮಾಡುತ್ತದೆ, ಹೊಸ ಗಾಳಿ ತರುವುದಿಲ್ಲ. ಆದ್ದರಿಂದ 4 ಇಂಚಿನ ಎರಡು ಡಕ್ಟ್ ಬೇಕು, ಗಾಳಿ ಬರಲು ಒಂದು, ಹೋಗಲು ಒಂದು. ಎರಡನ್ನೂ ಒಂದೊಂದು ಪ್ಲೈವುಡ್ ಪೆಟ್ಟಿಗೆಯ ಮೂಲಕ ಹಾವಿನಂತೆ ಎರಡು ಸಲ ತಿರುಗಿಸಿ. ಪೆಟ್ಟಿಗೆಯ ಒಳಮೈಗೆ ಬಟ್ಟೆ ಸುತ್ತಿದ ರಾಕ್‌ವೂಲ್ ಹಚ್ಚಿ. ಗಾಳಿ ತಿರುಗಿಕೊಂಡು ಹೋಗುತ್ತದೆ, ಸದ್ದು ತಿರುವುಗಳಲ್ಲಿ ಕರಗುತ್ತದೆ. ಫ್ಯಾನನ್ನು ಕೋಣೆಯ ಹೊರಗೆ ಕೂರಿಸಿ.

ಒಳಗಿನ ನಾದ

ಈಗ ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಟರ್‌ರ್ ಎಂದು ಗೋಡೆಯಿಂದ ಗೋಡೆಗೆ ಪುಟಿದರೆ ಒಂದು ಬದಿಯ ಗೋಡೆಗೆ ಪುಸ್ತಕದ ಶೆಲ್ಫು, ನೆಲಕ್ಕೆ ದಪ್ಪ ಜಮಖಾನ, ಕೂತಾಗ ಕಿವಿಯ ಮಟ್ಟಕ್ಕೆ ಬಟ್ಟೆ ಹೊದಿಸಿದ ಒಂದೆರಡು ರಾಕ್‌ವೂಲ್ ಹಲಗೆ. ಅಷ್ಟು ಸಾಕು. ಪೂರ್ತಿ ಹೀರಿಬಿಡಬೇಡಿ. ತನ್ನ ಸದ್ದು ತನಗೆ ಮರಳಿ ಕೇಳದಿದ್ದರೆ ಮಕ್ಕಳು ಜೋರಾಗಿ ಬಾರಿಸಲು ಶುರು ಮಾಡುತ್ತಾರೆ, ಕೈ ಕೆಡುತ್ತದೆ. ಹಾಡುವವರಿಗೂ ಹೀಗೆಯೇ, ಗಂಟಲು ಬೇಗ ದಣಿಯುತ್ತದೆ.

ಕೊನೆಗೆ ಅದೇ ಫೋನು ಹಿಡಿದು ಅದೇ ಜಾಗಗಳಲ್ಲಿ ನಿಂತು ಅಳೆಯಿರಿ. ಅಳತೆ 10 ಡೆಸಿಬಲ್ ಇಳಿದರೆ ನಮ್ಮ ಕಿವಿಗೆ ಸದ್ದು ಅರ್ಧದಷ್ಟಾದಂತೆ ಅನಿಸುತ್ತದೆ. ಆಮೇಲೆ ಪಕ್ಕದ ಮನೆಯವರನ್ನು ಕೇಳಿ ಬೆಳಗಿನ ಐದಕ್ಕೆ ಅವರ ಕೋಣೆಯಲ್ಲೇ ಐದು ನಿಮಿಷ ನಿಲ್ಲಿ. ಹಗಲಿನ ಗದ್ದಲದಲ್ಲಿ ಅಡಗಿದ್ದ ತೊಪ್ಪಿಯ ಗುಂಕಿ ಕೇಳುವುದು ಆಗಲೇ. ನಮ್ಮ ಪಕ್ಕದ ಮನೆಯ ಅಜ್ಜಿ ನನ್ನ ಜೊತೆ ಕಿಟಕಿಯ ಬಳಿ ನಿಂತು, "ಶುರು ಮಾಡಿದಾಳೇನಮ್ಮಾ?" ಎಂದು ಕೇಳಿದರು. ಅವಳು ಕೂತು ಆಗಲೇ ಕಾಲು ಗಂಟೆಯಾಗಿತ್ತು.

ಒಂದು ಕೆಲಸ ಬಾಕಿ. ಹೊರಗಿನ ಸದ್ದೂ ಒಳಗೆ ಬರುವುದಿಲ್ಲವಲ್ಲ, ಕಾಲಿಂಗ್ ಬೆಲ್ ಜೊತೆಗೆ ಕೋಣೆಯೊಳಗೆ ಮಿನುಗುವ ಒಂದು ಬಲ್ಬ್ ಜೋಡಿಸಿ, ಮತ್ತು ಹೊಗೆ ಎಚ್ಚರಿಸುವ ಅಲಾರಂ. ಬಾಗಿಲಿಗೆ ಒಳಚಿಲಕ ಬೇಡ.