ಬೈಲಿ ಡಂಜನ್‌ಗೆ ಹೆದರುವ ಮಕ್ಕಳನ್ನು ಕರೆದೊಯ್ಯುವುದು ಹೇಗೆ?

ಮೈಸೂರಿನಿಂದ ಸುಮಾರು 15 ಕಿ.ಮೀ. ದೂರದಲ್ಲಿ, ಶ್ರೀರಂಗಪಟ್ಟಣದ ಕೋಟೆಯೊಳಗೆ, ನೆಲಮಟ್ಟಕ್ಕಿಂತ ಕೆಳಗೆ ಒಂದು ಹಳೆಯ ಸೆರೆಮನೆ ಇದೆ. ಇಲ್ಲಿ ಸೆರೆಯಲ್ಲಿದ್ದ ಇಂಗ್ಲಿಷರ ಕಡೆಯ ಒಬ್ಬ ಸೇನಾಧಿಕಾರಿಯಿಂದ ಅದಕ್ಕೆ ಕರ್ನಲ್ ಬೈಲಿ ಡಂಜನ್ ಅಂತ ಹೆಸರು. ನಮ್ಮಣ್ಣನ ಮಗಳಿಗೆ ಅದನ್ನು ತೋರಿಸಬೇಕು ಅಂತ ನನಗೆ ಬಹಳ ದಿನದ ಆಸೆ. ಆದರೆ ಶಾಲೆಯಲ್ಲಿ ಯಾರೋ ಅವಳ ತಲೆ ತುಂಬಿದ್ದರು. "ಅತ್ತೆ, ಅಲ್ಲಿ ರಾತ್ರಿ ಸರಪಳಿ ಸದ್ದು ಬರುತ್ತಂತೆ. ನಾನು ಬರಲ್ಲ" ಎಂದುಬಿಟ್ಟಳು.

"ದೆವ್ವಗಿವ್ವ ಏನೂ ಇಲ್ಲ, ಸುಮ್ನೆ ಬಾ" ಎಂದು ಎಳೆದುಕೊಂಡು ಹೋಗಬಹುದಿತ್ತು. ಹಾಗೆ ಮಾಡಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ, ಭಯ ಮಾತ್ರ ಒಳಗೇ ಉಳಿಯುತ್ತದೆ. ನಾವು ಬೇರೆ ದಾರಿ ಹಿಡಿದೆವು. ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದರೆ ಹೀಗೆ ಮಾಡಿ ನೋಡಿ.

ಮೊದಲ ಹೆಜ್ಜೆ: ಕಥೆಗಳನ್ನು ಬರೆದುಕೊಳ್ಳಿ

ಹೊರಡುವ ಹಿಂದಿನ ದಿನ ಒಂದು ನೋಟ್‌ಬುಕ್ ಕೊಡಿ. ಕೇಳಿದ ಭಯದ ಕಥೆಗಳೆಲ್ಲ ಎಡಗಡೆ ಪುಟದಲ್ಲಿ ಬರಲಿ. ಯಾರು ಹೇಳಿದರು, ಅವರೇ ಕಂಡರಾ ಅಥವಾ ಬೇರೆಯವರು ಹೇಳಿದ್ದಾ ಅನ್ನುವುದೂ ಇರಲಿ. ಬಲಗಡೆ ಪುಟ ಖಾಲಿ ಬಿಡಿ. ನಮ್ಮ ಹುಡುಗಿ ಮೂರು ಬರೆದಳು: ಸರಪಳಿ ಸದ್ದು, ಕಿವಿಯ ಹತ್ತಿರ ಯಾರೋ ಮಾತಾಡುವುದು, ಕುತ್ತಿಗೆಗೆ ತಣ್ಣನೆಯ ಕೈ ತಾಗುವುದು. ಬರೆಯುವಾಗ ನಗಬೇಡಿ. ಮಗು ನಿಮ್ಮನ್ನು ನಂಬಿ ಹೇಳುತ್ತಿದೆ.

ಎರಡನೆಯದು: ದಿನ ಮತ್ತು ದಾರಿ

ವಾರದ ದಿನ, ಬೆಳಿಗ್ಗೆ ಹೋಗಿ. ರಥಸಪ್ತಮಿ, ವೈಕುಂಠ ಏಕಾದಶಿ, ಸಂಕ್ರಾಂತಿ ಬೇಡ. ರಂಗನಾಥಸ್ವಾಮಿ ದೇವಸ್ಥಾನದ ಜನವೇ ಜಾಸ್ತಿ ಇರುತ್ತದೆ. ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತದೆ, ಹಿಡಿತ ಇರುವ ಚಪ್ಪಲಿ ಹಾಕಿಸಿ. ಮಂಡ್ಯ ಕಡೆಯಿಂದ ಕಾರಿನಲ್ಲಿ ಬರುವವರು ಹಳೇ ರಸ್ತೆಯನ್ನೇ ಹಿಡಿಯಿರಿ, ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗಿಬಿಡುತ್ತದೆ.

ರೈಲಿನಲ್ಲಿ ಬಂದರೆ ಇನ್ನೂ ಚೆಂದ. ಸ್ಟೇಷನ್ ಕೋಟೆಯೊಳಗೇ ಇದೆ. ಜೋಡಿ ಹಳಿಗೆ ಅಡ್ಡ ಬರುತ್ತದೆ ಎಂದು ಟಿಪ್ಪುವಿನ ಕಾಲದ ಒಂದು ಮದ್ದಿನ ಮನೆಯನ್ನು 2017ರಲ್ಲಿ ಒಡೆಯದೆ, ಸುಮಾರು 1,000 ಟನ್ ತೂಕದ ಇಡೀ ಕಟ್ಟಡವನ್ನೇ 130 ಮೀಟರ್ ಆಚೆಗೆ ಸರಿಸಿದರು. ಇದನ್ನು ಮಕ್ಕಳಿಗೆ ಹೇಳಲೇಬೇಕು. ಒಂದು ಕಟ್ಟಡ ಉಳಿಸಲು ಇಷ್ಟು ಕಷ್ಟಪಟ್ಟವರು ನಮ್ಮ ಕಾಲದಲ್ಲೇ ಇದ್ದಾರೆ ಅಲ್ವಾ!

ಮೂರನೆಯದು: ಇಳಿಯುವಾಗ ಅವಸರ ಬೇಡ

ಬಿಸಿಲಿನಿಂದ ಬಂದು ತಕ್ಷಣ ಇಳಿಯಬೇಡಿ. ಮೆಟ್ಟಿಲ ಮೇಲೆ ಸ್ವಲ್ಪ ನಿಲ್ಲಿ. ಬೆಳಕಿನಿಂದ ಕತ್ತಲೆಗೆ ಬಂದಾಗ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಅಲ್ಲಿಯವರೆಗೆ ಅರೆಬರೆ ಕಂಡದ್ದನ್ನು ಮನಸ್ಸೇ ತುಂಬಿಕೊಳ್ಳುತ್ತದೆ. ಗೋಡೆಯ ಕಲೆ ಮುಖ ಆಗುತ್ತದೆ, ಕಂಬದ ನೆರಳು ಮನುಷ್ಯ ಆಗುತ್ತದೆ. ಗುಹೆ, ನೆಲಮಾಳಿಗೆ ಎಲ್ಲ ಕಡೆಯೂ ಇದೇ ಕಥೆ. ಇಲ್ಲಿ ಅಷ್ಟು ಕತ್ತಲೆಯೂ ಇಲ್ಲ, ಕಮಾನುಗಳ ಕಡೆಯಿಂದ ಬೆಳಕು ಬರುತ್ತದೆ.

ಒಳಗೆ ಹೋದ ಮೇಲೆ ಎರಡು ಪರೀಕ್ಷೆ ಮಾಡಿಸಿ. ಒಂದು, ಒಂದು ತುದಿಯಲ್ಲಿ ನೀವು, ಇನ್ನೊಂದು ತುದಿಯಲ್ಲಿ ಮಗು ನಿಂತು ಮೆಲ್ಲಗೆ ಮಾತಾಡಿ. ಇಟ್ಟಿಗೆ, ಗಾರೆಯ ಕಮಾನು ಚಾವಣಿ ಸದ್ದನ್ನು ವಾಪಸ್ ಎಸೆಯುತ್ತದೆ. ದೂರದ ಮಾತು ಪಕ್ಕದಿಂದಲೇ ಬಂದ ಹಾಗೆ ಕೇಳಬಹುದು. ಎರಡು, ಅಂಗೈಯನ್ನು ಗೋಡೆಯ ಹತ್ತಿರ ಹಿಡಿಯಲಿ. ದಪ್ಪ ಗೋಡೆ, ನೆಲದ ಕೆಳಗಿನ ಜಾಗ, ಬೇಗ ಬಿಸಿಯಾಗುವುದಿಲ್ಲ. ಬೆವೆತ ಕತ್ತಿಗೆ ಆ ತಂಪು ತಾಗಿದರೆ ಮೈ ಜುಂ ಅನ್ನುತ್ತದೆ. ನಮ್ಮ ಹುಡುಗಿ ಕತ್ತು ಮುಟ್ಟಿಕೊಂಡು, "ಅತ್ತೆ, ತಣ್ಣನೆಯ ಕೈ ಇದೇ!" ಎಂದಳು. ಎರಡು ಕಥೆಗೆ ಬಲಗಡೆ ಪುಟದಲ್ಲಿ ಉತ್ತರ ಬಂತು.

ನಾಲ್ಕನೆಯದು: ಇಲ್ಲಿ ಜಾಸ್ತಿ ಹೊತ್ತು ನಿಲ್ಲಿ

ಜಾಗವನ್ನು ಹೆಜ್ಜೆಯಿಂದ ಅಳೆಯಲು ಹೇಳಿ. ಉದ್ದ 30.5 ಮೀಟರ್, ಅಗಲ 12.2 ಮೀಟರ್. ಗೋಡೆಯ ಪಕ್ಕ ಕಲ್ಲಿನ ಚಪ್ಪಡಿಗಳು ನಿಂತಿವೆ, ಅವುಗಳಲ್ಲಿ ತೂತುಗಳಿವೆ. ಕೈದಿಗಳನ್ನು ಸರಪಳಿಯಿಂದ ಕಟ್ಟುತ್ತಿದ್ದದ್ದು ಅಲ್ಲಿ. ನಡುವೆ ಒಂದು ಫಿರಂಗಿ ಬಿದ್ದಿದೆ. 1799ರ ಯುದ್ಧದಲ್ಲಿ ಚಾವಣಿ ಒಡೆದುಕೊಂಡು ಕೆಳಗೆ ಬಿತ್ತು ಎನ್ನುತ್ತಾರೆ.

ಈಗ ಬೈಲಿಯ ಕಥೆ ಹೇಳಿ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯ ಇಂಗ್ಲಿಷರನ್ನು ಸೋಲಿಸಿತು. ಮೈಸೂರಿನ ರಾಕೆಟ್ಟುಗಳು ಹಾರಿದವು, ಇಂಗ್ಲಿಷರ ಮದ್ದಿನ ಗಾಡಿಗಳು ಸಿಡಿದವು. ಇಂಗ್ಲಿಷರ ಇನ್ನೊಬ್ಬ ಸೇನಾಧಿಪತಿ ಮನ್ರೋನ ಸೈನ್ಯ ಬಂದು ಕೈ ಹಿಡಿಯುತ್ತದೆ ಎಂದು ಬೈಲಿ ಕಾದ. ಅದು ಬರಲೇ ಇಲ್ಲ. ಗಾಯಗೊಂಡು ಸೆರೆ ಸಿಕ್ಕವನು ಮತ್ತೆ ಊರು ನೋಡಲಿಲ್ಲ. 1782ರ ನವೆಂಬರ್ 13ರಂದು ಇಲ್ಲಿ ಸೆರೆಯಲ್ಲೇ ಸತ್ತ.

ಅದೇ ಯುದ್ಧದಲ್ಲಿ ಸೆರೆಯಾದ ಇಂಗ್ಲಿಷರ ಇನ್ನೊಬ್ಬ ಅಧಿಕಾರಿ ಡೇವಿಡ್ ಬೇರ್ಡ್ ಮೂರೂವರೆ ವರ್ಷಕ್ಕೂ ಹೆಚ್ಚು ಇಲ್ಲಿ ಕಳೆದು, 1784ರಲ್ಲಿ ಬಿಡುಗಡೆಯಾದ. 1799ರ ಮೇ 4ರಂದು ಇದೇ ಕೋಟೆಗೆ ನುಗ್ಗಿದ ಇಂಗ್ಲಿಷ್ ಸೈನ್ಯದ ಮುಂದೆ ಇದ್ದವನೂ ಅವನೇ. ಟಿಪ್ಪು ಸತ್ತದ್ದು ಅಂದೇ. ಆ ಜಾಗವೂ ಇಲ್ಲೇ ಹತ್ತಿರದಲ್ಲಿದೆ, ನಡೆದುಕೊಂಡು ಹೋಗಿ ನೋಡಿ.

ಒಂದು ಮಾತು ಮರೆಯದೆ ಹೇಳಿ. ಬೈಲಿಯ ಸೈನ್ಯದಲ್ಲಿ ಹೆಚ್ಚಿನವರು ನಮ್ಮ ದೇಶದ ಸಿಪಾಯಿಗಳೇ. ಅವರ ಹೆಸರಿನಲ್ಲಿ ಇಲ್ಲಿ ಡಂಜನ್ ಇಲ್ಲ. ನನಗೆ ಪ್ರತಿ ಸಲವೂ ಅಲ್ಲಿ ನಿಂತಾಗ ಬೈಲಿಗಿಂತ ಅವರೇ ಜಾಸ್ತಿ ನೆನಪಾಗುತ್ತಾರೆ.

ಮಾಡಬಾರದ್ದು

ಗೋಡೆ ಕೆರೆಯಬೇಡಿ, ಹೆಸರು ಬರೆಯಬೇಡಿ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ದೆವ್ವದ ರೀಲ್ಸ್ ಮಾಡಲು ಕತ್ತಲಾದ ಮೇಲೆ ನುಗ್ಗಲೇಬೇಡಿ. ಪಾಳುಗೋಡೆ, ಹಾವು, ಪಕ್ಕದಲ್ಲೇ ಕಾವೇರಿ. ನಿಜವಾದ ಅಪಾಯ ಇವು. 1895ರಲ್ಲಿ ಪತ್ತೆಯಾದ ಇನ್‌ಮನ್ ಡಂಜನ್ ಕೂಡ ಈ ಊರಿನಲ್ಲಿದೆ. ಅದನ್ನು ನೋಡುವುದಾದರೆ ಹಗಲಿನಲ್ಲೇ, ಜೊತೆಗೆ ಜನ ಇಟ್ಟುಕೊಂಡು ಹೋಗಿ.

ಕೊನೆಯದು: ಬೈಲಿಯ ಹಿಂದೆಯೇ ಹೋಗಿ

ಆಟೋ ಹಿಡಿದು ದರಿಯಾ ದೌಲತ್‌ಗೆ ಹೋಗಿ. 1784ರ ಆ ಅರಮನೆಯ ಪಶ್ಚಿಮ ಗೋಡೆಯ ಮೇಲೆ ಪೊಲ್ಲಿಲೂರಿನ ಯುದ್ಧದ ದೊಡ್ಡ ಚಿತ್ರ ಇದೆ. ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಂಡಿರುವವನನ್ನು ಮಗುವೇ ಹುಡುಕಲಿ. ಅವನೇ ಬೈಲಿ. ಅಲ್ಲಿಂದ ಹೈದರಾಲಿ, ಟಿಪ್ಪುವಿನ ಸಮಾಧಿ ಇರುವ ಗುಂಬಜ್ ಹತ್ತಿರ ಅವನ ಸ್ಮಾರಕಕ್ಕೆ ಹೋಗಿ. 1816ರಲ್ಲಿ ಅವನ ಬಂಧು ಜಾನ್ ಬೈಲಿ ಕಟ್ಟಿಸಿದ್ದು. ಲಖನೌದಲ್ಲಿ ಇಂಗ್ಲಿಷರ ಪ್ರತಿನಿಧಿ, ಅಂದರೆ ರೆಸಿಡೆಂಟ್ ಆಗಿದ್ದವನು, ಇಷ್ಟು ದೂರದಲ್ಲಿ ಸತ್ತ ಬಂಧುವನ್ನು 34 ವರ್ಷ ಆದರೂ ಮರೆಯಲಿಲ್ಲ.

ಸ್ಮಾರಕದ ನೆರಳಿನಲ್ಲಿ ಬುತ್ತಿ ಬಿಚ್ಚಿ, ಬಲಗಡೆ ಪುಟ ತುಂಬಿಸಿ. ನಾವು ಪುಳಿಯೋಗರೆ ತಿನ್ನುತ್ತಾ ಕೂತಿದ್ದಾಗ ನಮ್ಮ ಹುಡುಗಿ ಉಳಿದಿದ್ದ ಒಂದು ಕಥೆಯ ಎದುರಿಗೆ ಬಹಳ ಹೊತ್ತು ಪೆನ್ನು ಹಿಡಿದು ಯೋಚಿಸಿದಳು. ಆಮೇಲೆ ಬರೆದಳು: "ಸರಪಳಿ ಸದ್ದು ಕೇಳಿಸಲಿಲ್ಲ. ಸರಪಳಿ ಹಾಕುತ್ತಿದ್ದ ತೂತು ನೋಡಿದೆ."