ಬಳ್ಳಾರಿ ಬೂತ್ ಲೆಕ್ಕ: ನಂಬರ್ ಬಿಟ್ಟೆ, ಶಾಲೆ ಹಿಡಿದೆ

“ಬೂತು ಪ್ರತಿ ಸಲ ಬದಲಾಗ್ತಾವ, ಹಳೇದಕ್ಕೂ ಹೊಸದಕ್ಕೂ ತಾಳೆ ಹಾಕಾಕ ಬರಲ್ಲ ಬಿಡ್ರಿ” ಅಂದವರು ಒಬ್ಬಿಬ್ಬರಲ್ಲ. ಬಳ್ಳಾರಿ ನಗರ ವಿಧಾನಸಭಾ ಕ್ಷೇತ್ರದ 2008, 2013, 2018, 2023ರ ಬೂತುವಾರು ಮತದ ಲೆಕ್ಕ ಈಗ ಒಂದೇ ಶೀಟಿನಲ್ಲಿ ಕೂತಿದೆ, ಒಟ್ಟು ಮೊತ್ತವೂ ತಾಳೆಯಾಗಿದೆ. 1952ರಿಂದ 1999ರವರೆಗೆ ಲೋಕಸಭೆಗೆ ಕಾಂಗ್ರೆಸ್ಸನ್ನೇ ಆರಿಸಿ, 2004ರಲ್ಲಿ ಬಿಜೆಪಿ ಕಡೆ ತಿರುಗಿದ ಊರು ಇದು. ಆದರೆ ನಗರ ಕ್ಷೇತ್ರ ಈಗಿನ ರೂಪಕ್ಕೆ ಬಂದದ್ದು 2008ರಲ್ಲಿ; ಅದಕ್ಕೂ ಹಿಂದಿನ ಬೂತ್ ಹಿಡಿದರೆ ಕೈ ಸುಡುತ್ತದೆ.

ಮೊದಲ ಪೆಟ್ಟು ಬಿದ್ದದ್ದು ಫಾರ್ಮ್ 20ರ (ಬೂತುವಾರು ಮತ ಎಣಿಕೆಯ ಅಧಿಕೃತ ಪಟ್ಟಿ) ಸ್ಕ್ಯಾನ್ ಪ್ರತಿಯಲ್ಲೇ. ಓಸಿಆರ್‌ಗೆ (ಚಿತ್ರದಿಂದ ಅಂಕಿ ಓದುವ ತಂತ್ರಾಂಶ) ಎರಡು ಸಾವಿರದಷ್ಟು ಸುರಿದದ್ದು ದಂಡ. ಕೋಷ್ಟಕದ ಉದ್ದಗೆರೆಯನ್ನೇ ಅದು 1 ಅಂತ ಓದುತ್ತದೆ: 143 ಇದ್ದದ್ದು 1143. 3 ಮತ್ತು 8 ಅದಲುಬದಲು. ಕೊನೆಗೆ ಡಿಟಿಪಿಯ ಇಬ್ಬರಿಗೆ ಅದೇ ಪುಟಗಳನ್ನು ಬೇರೆ ಬೇರೆಯಾಗಿ ಕೊಟ್ಟು, ಪುಟಕ್ಕೆ 20 ರೂಪಾಯಿಯಂತೆ ಟೈಪ್ ಮಾಡಿಸಿದೆ. ಎಲ್ಲ ಸೇರಿ ಮೂರು ಸಾವಿರದ ಆಸುಪಾಸು. ಇಬ್ಬರದೂ ಹೊಂದದ ಕಡೆ ಮಾತ್ರ ಮೂಲ ನೋಡಿದರಾಯಿತು. ಅಭ್ಯರ್ಥಿಗಳ ಕಾಲಂ ಪ್ರತಿ ಚುನಾವಣೆಗೂ ಸ್ಥಳ ಬದಲಿಸುತ್ತದೆ. ಹಳೇ ಶೀಟಿನ ಮೇಲೆ ಅಂಟಿಸಲು ಹೋಗಬೇಡಿ. ಅಂಚೆ ಮತ ಯಾವ ಬೂತಿಗೂ ಸೇರದು, ಅದಕ್ಕೆ ಬೇರೆ ಸಾಲು.

ಎರಡನೇ ಪೆಟ್ಟು ಬೂತ್ ನಂಬರಿನದು. ಮತದಾರರು ಮಿತಿ (2023ರಲ್ಲಿ 1,500) ದಾಟಿದ ಕಡೆ ಅದೇ ನಂಬರಿಗೆ ‘ಎ’ ಸೇರಿಸಿದ ಹೆಚ್ಚುವರಿ ಬೂತು ಹುಟ್ಟುತ್ತದೆ, ಮುಂದಿನ ಸಲ ಅದಕ್ಕೇ ಹೊಸ ನಂಬರ್, ಅಲ್ಲಿಂದ ಕೆಳಗಿನದೆಲ್ಲ ಒಂದೊಂದು ಜರುಗುತ್ತದೆ. ಹೀಗಾಗಿ ನಂಬರ್ ಬಿಟ್ಟು ಕಟ್ಟಡ ಹಿಡಿದೆ. ಒಂದೇ ಶಾಲೆಯ ‘ಪೂರ್ವ ಭಾಗ’, ‘ಕೊಠಡಿ 2’ ಎಲ್ಲ ಸೇರಿ ಒಂದು ಗುಂಪು. ಆಮೇಲೆ ಮತದಾರರ ಪಟ್ಟಿಯ ಮೊದಲ ಪುಟದ ಬೀದಿ ಹೆಸರುಗಳನ್ನು ಓದಬೇಕು. ಒಂದು ಬೀದಿ ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗಿದ್ದರೆ ಎರಡೂ ಶಾಲೆ ಒಂದೇ ಗುಂಪು. ಇನ್ನೂರರ ಮೇಲಿದ್ದ ಬೂತುಗಳು ಎಂಬತ್ತರಷ್ಟು ಗುಂಪಾಗಿ ಇಳಿದವು. ಸೂಕ್ಷ್ಮ ಹೋಯಿತು, ನಂಬಿಕೆ ಬಂತು. ಅರ್ಧ ಬೀದಿ ಮಾತ್ರ ಹೋಗಿದ್ದರೆ ಹೇಗೆ ಹಂಚುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಶೇಕಡಾ ಹಾಕುವಾಗ ಚಲಾಯಿತ ಮತದ ಮೇಲೆ ಹಾಕಬೇಡಿ, ಪಟ್ಟಿಯಲ್ಲಿರುವ ಒಟ್ಟು ಮತದಾರರ ಮೇಲೆ ಹಾಕಿ. ಬೂತುವಾರು ಆ ಅಂಕಿ ಫಾರ್ಮ್ 20ರಲ್ಲಿ ಸಿಗದು, ಮತದಾರರ ಪಟ್ಟಿಯ ಗೋಷ್ವಾರೆಯಿಂದ (ಒಟ್ಟು ಮೊತ್ತದ ಸಾರಾಂಶ) ಎತ್ತಬೇಕು. ಪಟ್ಟಿಯ ಪುರವಣಿಯಲ್ಲಿ ತೆಗೆದುಹಾಕಿದ ಹೆಸರು ಕಳೆಯಲು ಮರೆತರೆ ಒಂದೆರಡು ಶೇಕಡಾ ಅಂಶ ಎಡವಟ್ಟು. ಇದರ ಬೆಲೆ ಗೊತ್ತಾಗುವುದು 2018ರಲ್ಲಿ. ಮೇ ತಿಂಗಳಲ್ಲಿ ನಗರ ಬಿಜೆಪಿಗೆ, ನವೆಂಬರ್ ಉಪಚುನಾವಣೆಯಲ್ಲಿ ಲೋಕಸಭೆ ಕ್ಷೇತ್ರ ಕಾಂಗ್ರೆಸ್‌ಗೆ, ಎರಡೂವರೆ ಲಕ್ಷದ ಹತ್ತಿರ ಅಂತರ. ಆರೇ ತಿಂಗಳು, ಬೂತುಗಳು ಬಹುತೇಕ ಅವೇ. ಚಲಾಯಿತ ಮತದ ಮೇಲೆ ನೋಡಿದರೆ ಊರಿಗೆ ಊರೇ ಮಗ್ಗುಲು ಬದಲಿಸಿದಂತೆ ಕಾಣುತ್ತದೆ. ಒಟ್ಟು ಮತದಾರರ ಮೇಲೆ ಹಾಕಿದಾಗಲೇ ಯಾರು ಬದಲಾದರು, ಯಾರು ಮನೆಯಲ್ಲೇ ಕೂತರು ಅನ್ನುವುದು ಬೇರೆಯಾಗುವುದು.

2023ರ ಬಗ್ಗೆ ಚಹಾದಂಗಡಿಯ ತೀರ್ಪು: ರೆಡ್ಡಿ ಮನೆಯಲ್ಲಿ (ಬಿಜೆಪಿಯಿಂದ ಸೋಮಶೇಖರ ರೆಡ್ಡಿ, ಎದುರಿಗೆ ತಮ್ಮ ಜನಾರ್ದನ ರೆಡ್ಡಿಯ ಪತ್ನಿ) ಮತ ಒಡೆಯಿತು, ಅಷ್ಟೇ. ಲೆಕ್ಕ ನೋಡಿ. ಬಿಜೆಪಿ 37 ಸಾವಿರ, ಕೆಆರ್‌ಪಿಪಿ (ಜನಾರ್ದನ ರೆಡ್ಡಿ ಕಟ್ಟಿದ ಪಕ್ಷ) 48 ಸಾವಿರ ಚಿಲ್ಲರೆ, ಕೂಡಿದರೆ 85 ಸಾವಿರದ ಮೇಲೆ; 2018ರಲ್ಲಿ ಬಿಜೆಪಿ ಒಂದೇ ಪಡೆದದ್ದು 76 ಸಾವಿರದಷ್ಟು. ಅಂದರೆ ಆ ಕಡೆಯದೂ ಬೆಳೆದಿದೆ. ಕಾಂಗ್ರೆಸ್ ಮಾತ್ರ 60ರಿಂದ 86 ಸಾವಿರಕ್ಕೆ ಹಾರಿದೆ. ಒಡೆದದ್ದು ನಿಜ, ಆದರೆ ಈ 26 ಸಾವಿರಕ್ಕೆ ಅದು ಉತ್ತರವಲ್ಲ. ಗುಂಪಿನ ಮಟ್ಟದಲ್ಲಿ ನನ್ನ ಓದು ಹೀಗೆ: ಈ ಎರಡು ಪಕ್ಷಗಳ ಮೊತ್ತ ಹಳೇ ಬಿಜೆಪಿ ಪಾಲಿನಿಂದ ಎರಡು ಅಂಶದೊಳಗಿದ್ದರೆ ಒಳಜಗಳ, ಮೊತ್ತ ಕುಸಿದು ಕಾಂಗ್ರೆಸ್ ಏರಿದ್ದರೆ ಪಲ್ಲಟ, ಮೊತ್ತವೂ ಕಾಂಗ್ರೆಸ್ಸೂ ಏರಿದ್ದರೆ ಹೆಚ್ಚು ಮತದಾನ, ಇಲ್ಲವೇ ಮೂರನೆಯವರ ಮತ. ಒಳಗೊಳಗೆ ಆಚೀಚೆ ಹೋದದ್ದು ಇದರಲ್ಲಿ ಕಾಣದು.

ಪಾಲಿಕೆಯ 2021ರ ಫಲಿತಾಂಶವನ್ನೂ (39 ವಾರ್ಡುಗಳಲ್ಲಿ ಕಾಂಗ್ರೆಸ್ 21, ಬಿಜೆಪಿ 13, ಪಕ್ಷೇತರರು 5) ಜೋಡಿಸಲು ನೋಡಿದೆ. ಕೌಲ್ ಬಜಾರ್ ಕಡೆಯ ವಾರ್ಡುಗಳು ಗ್ರಾಮೀಣ ಕ್ಷೇತ್ರದಲ್ಲಿವೆ, ಅದೇ ಮರೆತು ಎರಡು ವಾರ ಹಾಳು. ವಾರ್ಡಿನ ಬೂತುಗಳ ಹಂಚಿಕೆಯೂ ಬೇರೆ. ಕೈಬಿಟ್ಟೆ. 2024ರ ಲೋಕಸಭೆಯ ಪುಟಗಳು ಟೈಪಿಗೆ ಹೋಗಿವೆ, ಈ ಸಲ ಪುಟಕ್ಕೆ 25 ಕೇಳಿದ್ದಾರೆ.