ಹಿರಿಯ ವಿದ್ವಾಂಸರ ಕಛೇರಿಗೆ ತುಮಕೂರಿನಿಂದ ಹೋಗುವವರಿಗೆ

ಎಂಬತ್ತರ ಆಸುಪಾಸಿನ ಕರ್ನಾಟಕ ಸಂಗೀತ ವಿದ್ವಾಂಸರ ಕಛೇರಿಯನ್ನು ಮೂವತ್ತರ ಹರೆಯದವರ ಕಛೇರಿಯಂತೆ ಕೇಳಲು ಹೋದರೆ ನಿರಾಸೆಯೇ ಸರಿ. ತಾರಸ್ಥಾಯಿಯಲ್ಲಿ, ಅಂದರೆ ಮೇಲಿನ ಸ್ವರಗಳಲ್ಲಿ, ದನಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆಶುವಾಗಿ ಸ್ವರ ಹೆಣೆಯುವ ಬಿರುಸಿನ ಸ್ವರಕಲ್ಪನೆ ಕಡಿಮೆ. ಹಿಂದೆ ಮೂರೂವರೆ ಗಂಟೆ ಹಾಡುತ್ತಿದ್ದವರು ಎರಡೇ ಗಂಟೆ ಹಾಡಿ ಮಂಗಳ ಹೇಳುತ್ತಾರೆ. ಆದರೆ ಚೌಕ ಕಾಲದ (ನಿಧಾನ ಗತಿಯ) ಕೃತಿ, ಆತುರವಿಲ್ಲದ ನೆರವಲ್ (ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವುದು), ಸಾಹಿತ್ಯ ಒಡೆಯದ ಹಾಗೆ ಉಸಿರು ತೆಗೆದುಕೊಳ್ಳುವ ಜಾಗ ಇವೆಲ್ಲ ಅವರ ಹತ್ತಿರ ಸಿಗುವಷ್ಟು ಬೇರೆ ಕಡೆ ಸಿಗುವುದಿಲ್ಲ. ಹಿರಿಯ ಗಾಯಕ ಆರ್.ಕೆ. ಶ್ರೀಕಂಠನ್ (1920–2014) ತೊಂಬತ್ತು ದಾಟಿದ ಮೇಲೂ ವೇದಿಕೆ ಏರುತ್ತಿದ್ದರು, ಅವರ ಹಾಡಿನಲ್ಲಿ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಇಂಥ ಸಂಗೀತಕ್ಕೆ ಹೋದವರು ಗಡಿಯಾರ ನೋಡುತ್ತಾ ಕೂತಿರಬಾರದು. ಅದಕ್ಕೇ ನನ್ನ ತಯಾರಿಯೆಲ್ಲ ರಾತ್ರಿ ವಾಪಸ್ ಬರುವ ದಾರಿಯಿಂದ ಶುರುವಾಗುತ್ತದೆ.

ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಸಂಗೀತೋತ್ಸವವನ್ನೇ ತೆಗೆದುಕೊಳ್ಳಿ. ಸಂಜೆಯ ಕಛೇರಿಗೆ ತುಮಕೂರಿನಿಂದ ಮಧ್ಯಾಹ್ನ ಮೂರಕ್ಕಾದರೂ ಹೊರಡಬೇಕು. ದೂರ 70 ಕಿಲೋಮೀಟರ್ ಇದ್ದರೂ ಸಮಯ ತಿನ್ನುವುದು ಕೊನೆಯ ಹತ್ತು ಹನ್ನೆರಡು ಕಿಲೋಮೀಟರ್. ಗೊರಗುಂಟೆಪಾಳ್ಯದಲ್ಲಿ ಸಿಕ್ಕಿಹಾಕಿಕೊಂಡರೆ ಮೊದಲ ವರ್ಣ, ಗಣಪತಿಯ ಕೃತಿ ಎರಡೂ ತಪ್ಪಿದ ಹಾಗೆ. ಬಸ್ಸಿನಲ್ಲಿ ಬರುವವರು ಮೆಜೆಸ್ಟಿಕ್‌ವರೆಗೆ ಹೋಗದೆ ಜಾಲಹಳ್ಳಿ ಕ್ರಾಸ್‌ನಲ್ಲೇ ಇಳಿದು ಹಸಿರು ಮಾರ್ಗದ ಮೆಟ್ರೋ ಹಿಡಿಯುವುದು ಒಳ್ಳೆಯದು. ಕೋಟೆ ಹೈಸ್ಕೂಲಿಗೆ ಕೆ.ಆರ್. ಮಾರ್ಕೆಟ್ ನಿಲ್ದಾಣ ಹತ್ತಿರ, ಕಛೇರಿ ಕೆ.ಆರ್. ರಸ್ತೆಯ ಗಾಯನ ಸಮಾಜದಲ್ಲಾದರೆ ನ್ಯಾಷನಲ್ ಕಾಲೇಜು ನಿಲ್ದಾಣ. ಚೌಡಯ್ಯ ಸ್ಮಾರಕ ಭವನಕ್ಕಾದರೆ ಸಂಪಿಗೆ ರಸ್ತೆಯಲ್ಲಿ ಇಳಿದು ಆಟೋ ಮಾಡಬೇಕು. ಕಾರಿನವರಿಗೆ ಹೆದ್ದಾರಿಯ ಪಕ್ಕದಲ್ಲೇ ಮಾದಾವರ, ನಾಗಸಂದ್ರ ನಿಲ್ದಾಣಗಳಿವೆ. ಪಾರ್ಕಿಂಗ್ ಜಾಗ ಇದೆಯೇ ಎಂದು ಮುಂಚೆಯೇ ಕೇಳಿಕೊಂಡು ಗಾಡಿಯನ್ನು ಅಲ್ಲೇ ಬಿಟ್ಟುಬಿಡಿ.

ವಾಪಸ್ ಬರಲು ಮೆಜೆಸ್ಟಿಕ್‌ನಿಂದ ರಾತ್ರಿಯಿಡೀ ಬಸ್ಸುಗಳಿವೆ. ಚಿತ್ರದುರ್ಗ, ದಾವಣಗೆರೆ, ಶಿವಮೊಗ್ಗ ಕಡೆಯವೆಲ್ಲ ನಮ್ಮ ದಾರಿಯಲ್ಲೇ ಹೋಗುವಂಥವು. ಆದರೆ ಹತ್ತುವ ಮುಂಚೆ ‘ಊರೊಳಗೆ ಹೋಗುತ್ತಾ, ಬೈಪಾಸಾ?’ ಎಂದು ಕಂಡಕ್ಟರನ್ನು ಕೇಳಲೇಬೇಕು. ಬೈಪಾಸ್ ಬಸ್ ಹತ್ತಿದರೆ ನಡುರಾತ್ರಿ ಹೆದ್ದಾರಿಯಲ್ಲಿ ಇಳಿದು ಆಟೋಗೆ ಕಾಯುವ ಪಾಡು. ವಯಸ್ಸಾದವರನ್ನು ಕರೆದುಕೊಂಡು ಹೋಗಿದ್ದರಂತೂ ಅದು ಬೇಡವೇ ಬೇಡ.

ಹೊರಡುವ ದಿನ ಬೆಳಿಗ್ಗೆ ಸಂಘಟಕರಿಗೆ ಒಂದು ಫೋನ್ ಮಾಡಿ. ಹಿರಿಯರ ಆರೋಗ್ಯ ಹೀಗೇ ಇರುತ್ತದೆ ಎಂದು ಹೇಳಲಾಗದು, ಕೊನೆ ಗಳಿಗೆಯಲ್ಲಿ ಶಿಷ್ಯರು ಹಾಡುವುದುಂಟು. ಹಾಗಾದರೂ ಹೋಗಿ ಎನ್ನುತ್ತೇನೆ. ಅದೇ ಪಾಠಾಂತರ (ಗುರುವಿನಿಂದ ಕಲಿತ ಹಾಡುವ ಕ್ರಮ) ಶಿಷ್ಯರ ಬಾಯಲ್ಲಿ ಕೇಳಿಸುತ್ತದೆ.

ಕೂರುವ ಜಾಗದ ವಿಷಯದಲ್ಲಿ ನನ್ನದು ಕಟ್ಟುನಿಟ್ಟು. ಮೊದಲ ಎರಡು ಸಾಲು ಬೇಡ. ಅಲ್ಲಿ ಮುಖ್ಯ ಸ್ಪೀಕರುಗಳು ನಮ್ಮನ್ನು ದಾಟಿ ಹಿಂದಕ್ಕೆ ಹೊಡೆಯುತ್ತವೆ. ನಮಗೆ ಕೇಳುವುದು ಮೃದಂಗದ ನೇರ ಪೆಟ್ಟು ಮತ್ತು ಕಲಾವಿದರಿಗೆಂದು ಇಟ್ಟ ಮಾನಿಟರ್ ಸ್ಪೀಕರಿನ ದನಿ. ವಯಸ್ಸಾದ ಕಂಠ ಅದರಲ್ಲಿ ಮುಳುಗಿಹೋಗುತ್ತದೆ. ಐದರಿಂದ ಹತ್ತನೇ ಸಾಲಿನೊಳಗೆ, ನಡುವಿನಿಂದ ಒಂದೆರಡು ಕುರ್ಚಿ ಎಡಕ್ಕೆ ಕೂರಬೇಕು. ಎಡಕ್ಕೇ ಏಕೆಂದರೆ ಗಾಯಕರು ತಾಳ ಹಾಕುವ ಬಲಗೈ ಮೈಕಿನ ಸ್ಟ್ಯಾಂಡಿಗೆ ಮರೆಯಾಗದೆ ಕಾಣುವುದು ಆ ಕಡೆಯಿಂದ. ಬಲಗೈಯಲ್ಲಿ ನುಡಿಸುವ ಮೃದಂಗದವರು ಕೂರುವುದೂ ನಮ್ಮ ಎಡಕ್ಕೇ, ಕರಣೆ (ಕಪ್ಪು ಲೇಪ) ಇರುವ ಬಲಮುಖ ಸಭೆಯ ಕಡೆಗಿರಲೆಂದು. ಎಡಗೈ ಮೃದಂಗದವರಾದರೆ ಅವರೂ ಪಿಟೀಲಿನವರೂ ಜಾಗ ಅದಲುಬದಲು ಮಾಡಿಕೊಳ್ಳುತ್ತಾರೆ. ಚಪ್ಪರದಲ್ಲಾದರೆ ತಲೆಯ ಮೇಲೆ ಫ್ಯಾನ್ ಇರುವ ಕುರ್ಚಿ ಬಿಡಿ, ಅದರ ಗಿರಗಿರ ಸದ್ದಿನಲ್ಲಿ ಮಂದ್ರಸ್ಥಾಯಿಯ ಕೆಳದನಿ ಕೇಳುವುದೇ ಇಲ್ಲ. ಏಪ್ರಿಲ್ ಸಂಜೆ ಬೆಂಗಳೂರಲ್ಲಿ ಮಳೆ ಬಂದರೆ ಚಪ್ಪರದ ಅಂಚಿನಲ್ಲಿ ನೀರು ಸೋರುವುದೂ ಉಂಟು. ಅದಕ್ಕೂ ನಡುವಿನ ಜಾಗವೇ ಲೇಸು.

ಗಾಯಕರ ತಾಳದ ಬಲಗೈಯನ್ನು ನೋಡುವುದು ಅರ್ಧ ಪಾಠ. ಆದಿತಾಳಕ್ಕೆ ಎಂಟು ಎಣಿಕೆ: ಒಂದು ಪೆಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಆಮೇಲೆ ಪೆಟ್ಟು–ಹುಸಿ, ಪೆಟ್ಟು–ಹುಸಿ (ಹುಸಿಗೆ ಅಂಗೈ ಮೇಲಾಗುತ್ತದೆ). ಹಿರಿಯರು ಮುಖ್ಯ ಕೃತಿಯನ್ನು ಎರಡು ಕಳೆಯಲ್ಲಿ ಎತ್ತಿಕೊಂಡರೆ ಪ್ರತಿ ಪೆಟ್ಟೂ ಪ್ರತಿ ಬೆರಳೂ ಎರಡೆರಡು ಸಲ ಬೀಳುತ್ತದೆ, ಆವರ್ತನಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, ಹದಿನಾರು. ಕೈ ತೊಡೆಯ ಮೇಲೆ ಸದ್ದಿಲ್ಲದೆ ಬೀಳುತ್ತಿರುತ್ತದೆ, ಹಾಡು ಮಾತ್ರ ಎಷ್ಟೋ ಸಲ ಪೆಟ್ಟಿನ ಮೇಲೆ ಶುರುವಾಗದೆ ಅದನ್ನು ದಾಟಿದ ಮೇಲೆ ಎತ್ತಿಕೊಳ್ಳುತ್ತದೆ. ಆ ಎಡುಪು ಕಣ್ಣಿಗೆ ಸಿಕ್ಕಿದರೆ ನೆರವಲ್‌ನಲ್ಲಿ ಒಂದೇ ಸಾಲು ಹತ್ತಾರು ಬಗೆಯಲ್ಲಿ ಸುತ್ತಿ ಅದೇ ಜಾಗಕ್ಕೆ ಬಂದು ಸೇರುವುದು ರಾಗದ ಹೆಸರು ಗೊತ್ತಿಲ್ಲದವರಿಗೂ ತಿಳಿಯುತ್ತದೆ.

ಇನ್ನೊಂದು ಗಮನಿಸಬೇಕಾದ್ದು ಶ್ರುತಿ, ಹಾಡಿಗೆ ಆಧಾರವಾಗಿ ಹಿಡಿಯುವ ದನಿಯ ಮಟ್ಟ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಗಂಡಸರು ಸಾಮಾನ್ಯವಾಗಿ ಒಂದು ಅಥವಾ ಒಂದೂವರೆಯಲ್ಲಿ ಹಾಡುತ್ತಾರೆ. ವಯಸ್ಸಾದಂತೆ ಅರ್ಧ ಮನೆ, ಒಂದು ಮನೆ ಇಳಿಸಿಕೊಳ್ಳುತ್ತಾರೆ. ಶ್ರುತಿ ಇಳಿದರೆ ಪಿಟೀಲಿನ ತಂತಿ ಸಡಿಲಿಸಬೇಕು, ಮೃದಂಗವೂ ತಗ್ಗು ಶ್ರುತಿಯದೇ ಬೇಕು. ಎತ್ತರದ ಶ್ರುತಿಯ ಮೃದಂಗವನ್ನು ಬಲವಂತವಾಗಿ ಇಳಿಸಿದರೆ ನಾದ ಡಬಡಬ ಅನ್ನುತ್ತದೆ. ಮೊದಲ ಅರ್ಧ ಗಂಟೆ ಕಂಠ ಕಾಯುವುದರಲ್ಲಿ, ಮೈಕ್ ಸರಿಪಡಿಸುವುದರಲ್ಲಿ ಕಳೆದೀತು. ಅದನ್ನು ನೋಡಿ ‘ಇವರಿಗೆ ಇನ್ನು ಆಗಲ್ಲ’ ಎಂದು ಎದ್ದುಹೋಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆಯವರೆಗಿನ ಭಾಗವೇ ಬಹುಪಾಲು ಅವರ ಅತ್ಯುತ್ತಮ ಭಾಗ. ತನಿ ಆವರ್ತನ (ಲಯವಾದ್ಯದವರು ಮಾತ್ರ ನುಡಿಸುವ ಭಾಗ) ಶುರುವಾದ ಕೂಡಲೇ ಕಾಫಿಗೆ ಏಳುವುದೂ ತಪ್ಪು. ಹತ್ತು ಹದಿನೈದು ನಿಮಿಷದ ಆ ಬಿಡುವಿನಲ್ಲಿ ಹಿರಿಯರ ಕಂಠಕ್ಕೆ ವಿಶ್ರಾಂತಿ, ಕೈ ಮಾತ್ರ ತಾಳ ಬಿಡದೆ ನಡೆಯುತ್ತಿರುತ್ತದೆ. ಆಮೇಲೆ ಬರುವ ಉಗಾಭೋಗ, ದೇವರನಾಮಗಳಲ್ಲಿ ದನಿ ಹೊಸದಾಗಿರುತ್ತದೆ.

ನಿಮಗೆ ಬೇಕಾದ ಕೃತಿ ಇದ್ದರೆ ಚೀಟಿ ಬರೆದು ತನಿ ಮುಗಿಯುವ ಮೊದಲೇ ಸಂಘಟಕರ ಕೈಗೆ ಕೊಡಿ. ಒಂದೇ ಕೃತಿ, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ. ಯಾವತ್ತೂ ಎಲ್ಲರೂ ಕೇಳುವುದನ್ನು ಬಿಟ್ಟು ಅವರ ಗುರುಗಳಿಂದ ಬಂದ ರಚನೆಯನ್ನು ಕೇಳಿದರೆ ಸಂತೋಷದಿಂದ ಹಾಡುತ್ತಾರೆ.

ಕೋಲಾರ, ಚಿಕ್ಕಬಳ್ಳಾಪುರದವರು ಇಷ್ಟು ದೂರ ಬರದೆಯೂ ಕೇಳಬಹುದು. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಗುರುಪೂರ್ಣಿಮೆಗೆ ಯೋಗಿ ನಾರೇಯಣ ಮಠದ ಸಂಗೀತೋತ್ಸವ ಮೂರು ದಿನ ಹಗಲೂ ರಾತ್ರಿ ನಡೆಯುತ್ತದೆ. ಅಲ್ಲಿ ಒಬ್ಬೊಬ್ಬರಿಗೆ ಸಿಗುವ ಹೊತ್ತು ಕಡಿಮೆ, ಆದ್ದರಿಂದ ಸರದಿ ಪಟ್ಟಿ ನೋಡಿಕೊಂಡು ಒಂದು ಗಂಟೆ ಮುಂಚೆಯೇ ಹೋಗಿ ಕೂರಬೇಕು. ನೆಲದ ಮೇಲೆ ಹಾಸಿಕೊಳ್ಳಲು ದಪ್ಪನೆಯ ಜಮಖಾನ ಒಯ್ಯಿರಿ.

ಕಛೇರಿ ಮುಗಿದ ತಕ್ಷಣ ವೇದಿಕೆಗೆ ನುಗ್ಗಿ ಕಾಲು ಮುಟ್ಟಲು ಹೋಗಬೇಡಿ. ಎರಡು ಗಂಟೆ ಚಕ್ಕಳಮಕ್ಕಳ ಹಾಕಿ ಕೂತವರ ಕಾಲು ಜೋಮು ಹಿಡಿದಿರುತ್ತದೆ, ಶಿಷ್ಯರು ಕೈ ಕೊಟ್ಟು ಎಬ್ಬಿಸುವಷ್ಟರಲ್ಲಿ ಜನ ಮುತ್ತಿದರೆ ಮುಗ್ಗರಿಸುವ ಅಪಾಯ. ಅವರು ಕುರ್ಚಿಯಲ್ಲಿ ಕೂತು ನೀರು ಕುಡಿಯುವವರೆಗೆ ಹತ್ತು ನಿಮಿಷ ಕಾಯಿರಿ. ಫೋಟೋ ಕೇಳುವ ಬದಲು, ಇವತ್ತು ಹಾಡಿದ್ದರಲ್ಲಿ ಇಂಥ ಕೃತಿ ಯಾರ ಹತ್ತಿರ ಪಾಠವಾಯಿತು ಎಂದು ಕೇಳಿ. ಉತ್ತರವನ್ನು ಅಲ್ಲೇ ಪುಸ್ತಕದಲ್ಲಿ ರಾಗ, ತಾಳ, ದಿನಾಂಕದ ಜೊತೆ ಬರೆದುಕೊಳ್ಳಿ. ಮೆಟ್ರೋ ಹತ್ತುವ ಹೊತ್ತಿಗೆ ಆ ಹೆಸರುಗಳಲ್ಲಿ ಅರ್ಧ ಮರೆತಿರುತ್ತದೆ.